ಬಿಡುಗಡೆಯ ಪತ್ರ ಕೊಡುವವರು ಯಾರು?

1998ರ ಡಿಸೆಂಬರ್‌ನಲ್ಲಿ ಪಶ್ಚಿಮ ಲಂಡನ್ನಿನ ಸೌತಾಲ್‌ನಲ್ಲಿರುವ ಒಂದು ರೆಸ್ಟೋರೆಂಟಿನಲ್ಲಿ ನಿಖಾ ನಡೆಯಿತು. ಇಮಾಮರು ಬಂದಿದ್ದರು, ಸಾಕ್ಷಿಗಳಿದ್ದರು, ಮೆಹರ್ ನಿಗದಿಯಾಗಿತ್ತು, ನೆಂಟರಿಷ್ಟರೆಲ್ಲ ಉಂಡು ಹರಸಿ ಹೋದರು. ಗಂಡ ಹೆಂಡತಿ ಹದಿನೆಂಟು ವರ್ಷ ಸಂಸಾರ ನಡೆಸಿದರು, ನಾಲ್ಕು ಮಕ್ಕಳಾದವು. ಸರ್ಕಾರಿ ಲೆಕ್ಕದಲ್ಲೂ ಮದುವೆ ಮಾಡಿಕೊಳ್ಳೋಣ ಎಂದು ಹೆಂಡತಿ ಕೇಳುತ್ತಲೇ ಇದ್ದಳು. ಗಂಡ ಮುಂದೂಡುತ್ತಲೇ ಬಂದ. 2016ರಲ್ಲಿ ಆಕೆ ವಿಚ್ಛೇದನಕ್ಕೆ ಅರ್ಜಿ ಹಾಕಿದಾಗ ಗಂಡ ಕೋರ್ಟಿನಲ್ಲಿ ಹೇಳಿದ್ದು ಇಷ್ಟೇ: ನಮ್ಮಿಬ್ಬರಿಗೆ ಮದುವೆಯೇ ಆಗಿಲ್ಲ, ವಿಚ್ಛೇದನ ಎಲ್ಲಿಂದ ಬಂತು?

2018ರಲ್ಲಿ ಹೈಕೋರ್ಟಿನ ನ್ಯಾಯಾಧೀಶರು ಆಕೆಯ ಕೈಹಿಡಿದರು. ಇದು ಅಸಿಂಧುವಾದ ಮದುವೆ ನಿಜ, ಆದರೂ ಒಂದು ಬಗೆಯ ಮದುವೆಯೇ, ಆದ್ದರಿಂದ ಆಸ್ತಿಪಾಸ್ತಿ, ಜೀವನಾಂಶ ಕೇಳುವ ಹಕ್ಕು ಆಕೆಗಿದೆ ಎಂದರು. ಸರ್ಕಾರದ ಅಟಾರ್ನಿ ಜನರಲ್ ಅದರ ವಿರುದ್ಧ ಮೇಲ್ಮನವಿ ಹೋದರು. ಅಷ್ಟು ಹೊತ್ತಿಗೆ ಗಂಡ ಹೆಂಡತಿ ತಮ್ಮೊಳಗೆ ಇತ್ಯರ್ಥ ಮಾಡಿಕೊಂಡಿದ್ದರು. ಉಳಿದದ್ದು ಕಾನೂನಿನ ತತ್ವದ ಪ್ರಶ್ನೆ ಮಾತ್ರ. 2020ರ ಫೆಬ್ರುವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಬಗೆಹರಿಸಿತು: ಸೌತಾಲ್‌ನಲ್ಲಿ ನಡೆದದ್ದು ಅಸಿಂಧು ಮದುವೆ ಎನಿಸಿಕೊಳ್ಳುವುದಕ್ಕೂ ಅರ್ಹವಲ್ಲ. ಕಾನೂನಿನ ದೃಷ್ಟಿಯಲ್ಲಿ ಅಲ್ಲಿ ಏನೂ ನಡೆದೇ ಇಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಧಾರ್ಮಿಕ ನ್ಯಾಯಮಂಡಳಿಗಳ ಕುರಿತು ಎರಡು ದಶಕಗಳಿಂದ ನಡೆಯುತ್ತಿರುವ ವಾಗ್ವಾದವನ್ನು ಅರ್ಥ ಮಾಡಿಕೊಳ್ಳಲು ಈ ಪ್ರಕರಣದಿಂದ ಹೊರಡುವುದೇ ಒಳ್ಳೆಯದು. ಟಿವಿ ಚರ್ಚೆಗಳಲ್ಲಿ, ಚುನಾವಣಾ ಭಾಷಣಗಳಲ್ಲಿ ಕೇಳುವ ಪ್ರಶ್ನೆ ಯಾವಾಗಲೂ ಒಂದೇ: ದೇಶದ ಕಾನೂನು ಮೇಲೋ, ದೇವರ ಕಾನೂನು ಮೇಲೋ? ಆದರೆ ಆ ಮಂಡಳಿಗಳ ಬಾಗಿಲಲ್ಲಿ ಕಾಯುವವರ ಪ್ರಶ್ನೆ ಅದಲ್ಲ. ಅವರಲ್ಲಿ ಹೆಚ್ಚಿನವರು ಹೆಂಗಸರು. ಈ ಮದುವೆಯಿಂದ ನನಗೆ ಬಿಡುಗಡೆಯಾಗಿದೆ ಎಂದು ಬರೆದುಕೊಡುವವರು ಯಾರು ಎಂಬುದು ಅವರ ಪ್ರಶ್ನೆ. ಮೊದಲ ಪ್ರಶ್ನೆಗೆ ಉತ್ತರ ಕೊಟ್ಟು ಚಪ್ಪಾಳೆ ಗಿಟ್ಟಿಸಿದ ಸರ್ಕಾರಗಳು ಹಲವು. ಎರಡನೆಯದನ್ನು ಕಿವಿಗೊಟ್ಟು ಕೇಳಿದ ಕಡೆ ಮಾತ್ರ ಏನಾದರೂ ಸರಿಹೋಗಿದೆ.

ಮೊದಲು ಈ ಮಂಡಳಿಗಳು ಎಂದರೇನು ನೋಡೋಣ. ಪೂರ್ವ ಲಂಡನ್ನಿನ ಲೇಟನ್‌ನಲ್ಲಿ 1982ರಲ್ಲಿ ಶುರುವಾದ ಇಸ್ಲಾಮಿಕ್ ಷರಿಯಾ ಕೌನ್ಸಿಲ್ ಬ್ರಿಟನ್ನಿನಲ್ಲಿ ಹೆಚ್ಚು ಹೆಸರಾದದ್ದು. ಅಲ್ಲಿನ ಕೆಲಸದ ಬಹುಪಾಲು ಹೆಂಗಸರು ಕೇಳುವ ಧಾರ್ಮಿಕ ವಿಚ್ಛೇದನ. ಗಂಡಸು ತಲಾಖ್ ಹೇಳಿ ಹೊರಟುಹೋಗಬಹುದು, ಅವನಿಗೆ ಮಂಡಳಿಯ ಹಂಗಿಲ್ಲ. ಹೆಂಗಸಿಗೆ ಗಂಡ ಒಪ್ಪಿ ಖುಲಾ ಕೊಡಬೇಕು, ಇಲ್ಲವೇ ವಿದ್ವಾಂಸರ ಮಂಡಳಿ ಮದುವೆಯನ್ನು ರದ್ದು ಮಾಡಬೇಕು. ಆಕೆ ಅರ್ಜಿ ತುಂಬಿ, ಶುಲ್ಕ ಕಟ್ಟಿ, ಕಾರಣ ಬರೆದುಕೊಡುತ್ತಾಳೆ. ಗಂಡನಿಗೆ ಒಂದು ಪತ್ರ ಹೋಗುತ್ತದೆ. ಉತ್ತರ ಬಾರದಿದ್ದರೆ ಎರಡನೆಯದು, ಆಮೇಲೆ ಮೂರನೆಯದು. ನಡುವೆ ರಾಜಿ ಮಾತುಕತೆಯ ಸಭೆ. ಕೊನೆಗೆ ವಿದ್ವಾಂಸರು ಕಡತ ನೋಡಿ, ಆಕೆ ಮೆಹರ್ ಹಿಂತಿರುಗಿಸಬೇಕೇ ಬೇಡವೇ ಎಂದು ತೀರ್ಮಾನಿಸಿ, ಪ್ರಮಾಣಪತ್ರ ಕೊಡುತ್ತಾರೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಲೇಟನ್‌ನ ಮಂಡಳಿ ಹೆಂಗಸರಿಂದ 400 ಪೌಂಡ್, ಗಂಡಸರಿಂದ 200 ಪೌಂಡ್ ಪಡೆಯುತ್ತಿತ್ತು ಎಂಬುದು ಸುದ್ದಿಯಾಗಿ ದೊಡ್ಡ ಟೀಕೆಗೆ ಗುರಿಯಾಯಿತು. ಹೆಂಗಸಿನ ಅರ್ಜಿಗೆ ವಿಚಾರಣೆ ಜಾಸ್ತಿ, ಆದ್ದರಿಂದ ಶುಲ್ಕವೂ ಜಾಸ್ತಿ ಎಂಬುದು ಮಂಡಳಿಯ ಸಮಜಾಯಿಷಿ. ಅಲ್ಲಿಗೆ ಅಸಮಾನತೆ ಎಲ್ಲಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಆ ಪ್ರಮಾಣಪತ್ರಕ್ಕೆ ಇಂಗ್ಲೆಂಡಿನ ಕಾನೂನಿನಲ್ಲಿ ಕಿಮ್ಮತ್ತಿಲ್ಲ. ಮಂಡಳಿ ಯಾರನ್ನೂ ಜೈಲಿಗೆ ಕಳಿಸಲಾರದು, ಆಸ್ತಿ ಜಪ್ತಿ ಮಾಡಲಾರದು, ಗಂಡನನ್ನು ಎಳೆದು ತರಲೂ ಆರದು. ಕೋರ್ಟ್ ಎಂಬ ಹೆಸರು ಪತ್ರಿಕೆಗಳು ಅಂಟಿಸಿದ್ದು. ಇಂಥವು ಎಷ್ಟಿವೆ? 85 ಎಂಬ ಸಂಖ್ಯೆ ಜಗತ್ತೆಲ್ಲ ಸುತ್ತಿದೆ, ನಮ್ಮ ವಾಟ್ಸ್‌ಆ್ಯಪ್ ಗುಂಪುಗಳನ್ನೂ ಬಿಟ್ಟಿಲ್ಲ. ಅದರ ಮೂಲ ಸಿವಿಟಾಸ್ ಎಂಬ ಚಿಂತನ ಸಂಸ್ಥೆ 2009ರಲ್ಲಿ ತಂದ ಒಂದು ವರದಿ. ಸರ್ಕಾರವೇ ನೇಮಿಸಿದ ಪರಿಶೀಲನಾ ಸಮಿತಿ 2018ರಲ್ಲಿ ಹೇಳಿದ್ದು ಅಂದಾಜುಗಳು 30ರಿಂದ 85ರವರೆಗೆ ಇವೆ ಎಂದಷ್ಟೇ. ಯಾರೂ ನೋಂದಾಯಿಸಿಕೊಳ್ಳಬೇಕಿಲ್ಲದ ವ್ಯವಸ್ಥೆಯಲ್ಲಿ ಎಣಿಕೆಯಾದರೂ ಹೇಗೆ ಸಾಧ್ಯ?

ಹಾಗಾದರೆ ಕಿಮ್ಮತ್ತಿಲ್ಲದ ಕಾಗದಕ್ಕಾಗಿ ಹೆಂಗಸರು ಯಾಕೆ ಅಲೆಯುತ್ತಾರೆ? ಒಂದು ಕಾರಣ ನಂಬಿಕೆ. ದೇವರ ಸಾಕ್ಷಿಯಾಗಿ ಕಟ್ಟಿಕೊಂಡ ಗಂಟನ್ನು ದೇವರ ಹೆಸರಲ್ಲೇ ಬಿಚ್ಚಬೇಕು, ಇಲ್ಲದಿದ್ದರೆ ಮರುಮದುವೆ ಪಾಪ ಎಂದು ನಂಬಿದವಳಿಗೆ ಸರ್ಕಾರಿ ಕೋರ್ಟಿನ ಡಿಕ್ರಿ ಅರ್ಧ ಪರಿಹಾರ. ಇಂಗ್ಲಿಷ್ ಕೋರ್ಟು ಕೊಟ್ಟ ವಿಚ್ಛೇದನವೇ ಸಾಕು ಎನ್ನುವ ಮುಸ್ಲಿಂ ವಿದ್ವಾಂಸರೂ ಇದ್ದಾರೆ. ಅವರ ಮಾತು ಮನೆಯ ಹಿರಿಯರ ಕಿವಿಗೆ ಬಿದ್ದಿರಬೇಕಲ್ಲ! ಇನ್ನೊಂದು ಕಾರಣ ಬಂಧುಬಳಗ. ಬಿಡುಗಡೆ ಪತ್ರ ಇಲ್ಲದವಳಿಗೆ ಸಮುದಾಯದಲ್ಲಿ ಮತ್ತೊಂದು ಸಂಬಂಧ ಕುದುರುವುದಿಲ್ಲ. ಮೂರನೆಯ ಕಾರಣ ಸೌತಾಲ್ ಪ್ರಕರಣದಲ್ಲಿ ನೋಡಿದ್ದು: ನಿಖಾ ಮಾತ್ರ ಆಗಿ ಸಿವಿಲ್ ಮದುವೆ ಆಗದಿದ್ದರೆ ಸರ್ಕಾರಿ ಕೋರ್ಟಿನ ಬಾಗಿಲೇ ಮುಚ್ಚಿರುತ್ತದೆ. ಚಾನೆಲ್ 4 ವಾಹಿನಿ 2017ರಲ್ಲಿ ಮಾಡಿಸಿದ ಸಮೀಕ್ಷೆಯಲ್ಲಿ, ಬ್ರಿಟನ್ನಿನಲ್ಲೇ ನಿಖಾ ಆದ ಹೆಂಗಸರ ಪೈಕಿ ಹತ್ತರಲ್ಲಿ ಆರು ಮಂದಿ ಸಿವಿಲ್ ಮದುವೆ ಮಾಡಿಕೊಂಡಿರಲಿಲ್ಲ. ಅವರಿಗೆ ಷರಿಯಾ ಮಂಡಳಿ ಬಿಟ್ಟರೆ ಅರ್ಜಿ ಹಾಕಲು ಬೇರೆ ಜಾಗವೇ ಇಲ್ಲ.

ಇದಕ್ಕೆ ಮೂಲ ಇಂಗ್ಲೆಂಡಿನ ಮದುವೆ ಕಾನೂನಿನಲ್ಲಿಯೇ ಇದೆ. 1753ರ ಮದುವೆ ಕಾಯ್ದೆ ಆಂಗ್ಲಿಕನ್ ಚರ್ಚಿನಲ್ಲಿ ನಡೆದದ್ದೇ ಮದುವೆ ಎಂದಿತು. ಯಹೂದಿಗಳಿಗೂ ಕ್ವೇಕರ್ ಪಂಥದವರಿಗೂ ಮಾತ್ರ ವಿನಾಯಿತಿ ಕೊಟ್ಟಿತು. 1836ರಲ್ಲಿ ರಿಜಿಸ್ಟ್ರಾರ್ ವ್ಯವಸ್ಥೆ ಬಂತು, ಉಳಿದ ಧರ್ಮಗಳವರು ತಮ್ಮ ಕಟ್ಟಡಗಳನ್ನು ನೋಂದಾಯಿಸಿಕೊಳ್ಳಬಹುದಾಯಿತು. ಇವತ್ತಿಗೂ ಅಲ್ಲಿ ಕಾನೂನು ನೋಡುವುದು ಮುಖ್ಯವಾಗಿ ಕಟ್ಟಡವನ್ನು. ನೋಂದಣಿಯಾದ ಮಸೀದಿಗಳು ಕಡಿಮೆ, ನಿಖಾ ನಡೆಯುವುದು ಹೆಚ್ಚಾಗಿ ಮನೆಯಲ್ಲಿ, ಹಾಲ್‌ನಲ್ಲಿ, ಹೋಟೆಲಿನಲ್ಲಿ. ಪಕ್ಕದ ಸ್ಕಾಟ್ಲೆಂಡ್ 1977ರ ಕಾಯ್ದೆಯಲ್ಲಿ ಮದುವೆ ಮಾಡಿಸುವವರಿಗೆ ಅಧಿಕಾರ ಕೊಟ್ಟು, ಎಲ್ಲಿ ಎಂಬ ಗೋಜಲಿಗೆ ಹೋಗಲಿಲ್ಲ. ಇಂಗ್ಲೆಂಡೂ ಹಾಗೆ ಬದಲಾಗಲಿ ಎಂದು ಅಲ್ಲಿನ ಕಾನೂನು ಆಯೋಗ 2022ರಲ್ಲಿ ಶಿಫಾರಸು ಮಾಡಿತು. ಶಿಫಾರಸು ಕಾನೂನಾಗುವುದು ಎಲ್ಲ ದೇಶಗಳಲ್ಲೂ ತಡವೇ.

ಇದು ಮುಸ್ಲಿಮರ ಸಮಸ್ಯೆ ಮಾತ್ರ ಎಂದುಕೊಳ್ಳಬೇಡಿ. ಲಂಡನ್ನಿನ ರೆಸ್ಟೋರೆಂಟೊಂದರಲ್ಲಿ ಪುರೋಹಿತರು ಮಂತ್ರ ಹೇಳಿ ಮಾಡಿಸಿದ ಹಿಂದೂ ಮದುವೆಯನ್ನೂ ಈ ಶತಮಾನದ ಆರಂಭದಲ್ಲಿ ಅಲ್ಲಿನ ಹೈಕೋರ್ಟು ಮದುವೆಯೇ ಅಲ್ಲ ಎಂದಿತು. ಸಪ್ತಪದಿ ತುಳಿದು, ಫೋಟೊ ತೆಗೆಸಿಕೊಂಡು, ರಿಜಿಸ್ಟ್ರಾರ್ ಕಚೇರಿಯ ವಿಷಯ ಆಮೇಲೆ ನೋಡೋಣ ಎನ್ನುವ ಕನ್ನಡದ ಜೋಡಿಗೂ ಇದೇ ಗತಿ. ನಮ್ಮಲ್ಲಿ ಹಾಗಲ್ಲ. ಭಾರತದಲ್ಲಿ ನೋಂದಣಿ ಕಡ್ಡಾಯ ಎಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿದ್ದರೂ, ನೋಂದಾಯಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ವಿಧಿಪ್ರಕಾರ ನಡೆದ ಮದುವೆ ಬಿದ್ದುಹೋಗುವುದಿಲ್ಲ. ಭಟ್ಕಳದಲ್ಲಿ ಕ್ರಮವಾಗಿ ಆದ ನಿಖಾವನ್ನು ಇಂಗ್ಲೆಂಡಿನ ಕೋರ್ಟು ಮದುವೆ ಎಂದು ಒಪ್ಪುತ್ತದೆ, ತನ್ನದೇ ರಾಜಧಾನಿಯ ಸೌತಾಲ್‌ನಲ್ಲಿ ಆದದ್ದನ್ನು ಒಪ್ಪುವುದಿಲ್ಲ. ಕಾನೂನು ಅಂದರೆ ಇದೇ ನೋಡಿ.

ವಿಚ್ಛೇದನದ ವಿಷಯದಲ್ಲೂ ಉಪಖಂಡದ ಅನುಭವ ಬೇರೆ. 1930ರ ದಶಕದಲ್ಲಿ ಪಂಜಾಬಿನಲ್ಲಿ ಮುಸ್ಲಿಂ ಹೆಂಗಸರು ಗಂಡನಿಂದ ಪಾರಾಗಲು ಮತ ಬಿಡುತ್ತಿದ್ದರು. ಹನಫಿ ಸಂಪ್ರದಾಯದಲ್ಲಿ ಹೆಂಡತಿ ತಾನಾಗಿ ಬಿಡುಗಡೆ ಪಡೆಯುವ ದಾರಿ ಅಷ್ಟು ಕಿರಿದಾಗಿತ್ತು. ಇದನ್ನು ಕಂಡು ಎಚ್ಚೆತ್ತ ದೇವಬಂದ್ ಪರಂಪರೆಯ ವಿದ್ವಾಂಸ ಅಶ್ರಫ್ ಅಲಿ ಥಾನವಿ ಮಾಲಿಕಿ ಸಂಪ್ರದಾಯದ ಉದಾರ ನಿಯಮಗಳನ್ನು ಎರವಲು ಪಡೆಯಬಹುದೆಂದು ಬರೆದರು. ಅದರ ಬೆನ್ನಲ್ಲೇ ಬಂದದ್ದು 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆ. ಗಂಡ ನಾಲ್ಕು ವರ್ಷ ನಾಪತ್ತೆಯಾದರೆ, ಎರಡು ವರ್ಷ ಹೊಟ್ಟೆಬಟ್ಟೆಗೆ ಕೊಡದಿದ್ದರೆ, ಹಿಂಸಿಸಿದರೆ ಹೆಂಡತಿ ಸರ್ಕಾರಿ ಕೋರ್ಟಿಗೆ ಹೋಗಿ ಬಿಡುಗಡೆ ಪಡೆಯಬಹುದು. ತೀರ್ಪು ಕೊಡುವವರು ಮುಸ್ಲಿಂ ನ್ಯಾಯಾಧೀಶರೇ ಆಗಿರಬೇಕೆಂಬ ಉಲೇಮಾಗಳ ಬೇಡಿಕೆಯನ್ನು ಆ ಕಾಯ್ದೆ ಒಪ್ಪಲಿಲ್ಲ. ಹಾಗಾಗಿ ಅದರ ಧಾರ್ಮಿಕ ಸಿಂಧುತ್ವದ ತಕರಾರು ಪೂರ್ತಿ ಅಳಿಯಲಿಲ್ಲ. ಆದರೂ ಬೆಂಗಳೂರಿನ ಹೆಂಗಸಿಗೆ ಕೌಟುಂಬಿಕ ನ್ಯಾಯಾಲಯದಲ್ಲಿ ಸಿಗುವ ಈ ಬಿಡುಗಡೆ, ಅದೇ ಭಾರತೀಯ, ಪಾಕಿಸ್ತಾನಿ, ಬಾಂಗ್ಲಾ ಕುಟುಂಬಗಳ ಬರ್ಮಿಂಗ್‌ಹ್ಯಾಮ್ ಹೆಂಗಸಿಗೆ ಸಿಗಲಿಲ್ಲ. ಆ ತೆರವಿನಲ್ಲಿ ಹುಟ್ಟಿಕೊಂಡದ್ದು ಮಂಡಳಿಗಳು.

ಮಂಡಳಿಗಳು ನಿರಪಾಯ ಎಂದು ಇದರ ಅರ್ಥವಲ್ಲ. ಹೊಡೆಯುವ ಗಂಡನ ಎದುರೇ ಹೆಂಡತಿಯನ್ನು ಕೂರಿಸಿ ರಾಜಿ ಮಾತಾಡಿದ್ದು, ಮಕ್ಕಳು ಯಾರ ಬಳಿ ಇರಬೇಕೆಂದು ತಮ್ಮ ವ್ಯಾಪ್ತಿಯಲ್ಲದ ಸಲಹೆ ಕೊಟ್ಟದ್ದು, ಹೊಂದಿಕೊಂಡು ಹೋಗಮ್ಮ ಎಂದು ವಾಪಸ್ ಕಳಿಸಿದ್ದು, ಇವೆಲ್ಲ ಸಂಸತ್ತಿನ ಸಮಿತಿಯ ಮುಂದೆಯೂ ಮಾಧ್ಯಮಗಳಲ್ಲೂ ದಾಖಲಾಗಿವೆ. 2016ರಲ್ಲಿ ಆಗಿನ ಗೃಹ ಸಚಿವೆ ತೆರೆಸಾ ಮೇ, ಎಡಿನ್‌ಬರೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಮೋನಾ ಸಿದ್ದಿಕಿ ಅವರ ನೇತೃತ್ವದಲ್ಲಿ ಪರಿಶೀಲನಾ ಸಮಿತಿ ನೇಮಿಸಿದರು. 2018ರ ಫೆಬ್ರುವರಿಯಲ್ಲಿ ಬಂದ ಅದರ ವರದಿ ಹೇಳಿದ್ದು ಎರಡೂ ಕಡೆಯವರಿಗೆ ರುಚಿಸಲಿಲ್ಲ. ಮಂಡಳಿಗಳಿಗೆ ಹೋಗುವವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ವಿಚ್ಛೇದನ ಕೇಳುವ ಹೆಂಗಸರು, ಇವನ್ನು ಮುಚ್ಚಿಸಿದರೆ ಅವರು ಇನ್ನೂ ಕತ್ತಲೆಯ ಮೂಲೆಗಳಿಗೆ ಹೋಗಬೇಕಾಗುತ್ತದೆ ಎಂದಿತು ಸಮಿತಿ. ಮೊದಲ ಶಿಫಾರಸು, ನಿಖಾಗಿಂತ ಮುಂಚೆ ಅಥವಾ ಅದರ ಜೊತೆಗೇ ಸಿವಿಲ್ ಮದುವೆ ಆಗುವಂತೆ ಕಾಯ್ದೆ ತಿದ್ದಬೇಕು. ಎರಡನೆಯದು, ಹೆಂಗಸರಿಗೆ ತಮ್ಮ ಹಕ್ಕಿನ ತಿಳಿವಳಿಕೆ ಕೊಡಬೇಕು. ಮೂರನೆಯದು, ಮಂಡಳಿಗಳಿಗೆ ನಡತೆಯ ಸಂಹಿತೆ ಬೇಕು. ಇದಕ್ಕೆ ಸಮಿತಿಯ ಒಬ್ಬ ಸದಸ್ಯರೇ ಒಪ್ಪಲಿಲ್ಲ. ನಿಯಂತ್ರಿಸಿದರೆ ಮಾನ್ಯತೆ ಕೊಟ್ಟಂತಾಗುತ್ತದೆ ಎಂದು ಸರ್ಕಾರವೂ ಕೈತೊಳೆದುಕೊಂಡಿತು. ಮೊದಲನೆಯದನ್ನು ಪರಿಶೀಲಿಸುತ್ತೇವೆ ಎಂದಿತು. ಎರಡು ವರ್ಷದ ಬಳಿಕ ಸೌತಾಲ್ ಹೆಂಗಸಿನ ಪ್ರಕರಣದಲ್ಲಿ ಆಗಿದ್ದ ಮದುವೆಯನ್ನು ಆಗಿಲ್ಲವೆನಿಸಿ ಗೆದ್ದದ್ದು ಇದೇ ಸರ್ಕಾರದ ಅಟಾರ್ನಿ ಜನರಲ್.

ಬ್ರಿಟನ್ನಿನಲ್ಲಿ ಈ ಚರ್ಚೆ ಬೀದಿಗೆ ಬಂದದ್ದು 2008ರ ಫೆಬ್ರುವರಿ 7ರಂದು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ರೋವನ್ ವಿಲಿಯಮ್ಸ್ ಲಂಡನ್ನಿನ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್‌ನಲ್ಲಿ ಭಾರಿ ತಾತ್ವಿಕವಾದ ಉಪನ್ಯಾಸ ಕೊಟ್ಟರು. ಅದೇ ದಿನ ಬಿಬಿಸಿ ರೇಡಿಯೊದಲ್ಲಿ, ಷರಿಯಾದ ಕೆಲವು ಅಂಶಗಳಿಗೆ ಜಾಗ ಮಾಡಿಕೊಡುವುದು ಅನಿವಾರ್ಯ ಎನಿಸುತ್ತದೆ ಎಂಬರ್ಥದ ಮಾತಾಡಿದರು. ಮರುದಿನ ಪತ್ರಿಕೆಗಳು ಮುಗಿಬಿದ್ದವು, ರಾಜೀನಾಮೆಯ ಕೂಗು ಎದ್ದಿತು. ಅವರು ಕೇಳಿದ್ದು ಶಿಕ್ಷೆಗಳನ್ನಲ್ಲ. ನಂಬಿಕೆಯುಳ್ಳ ಪ್ರಜೆಗೆ ಒಂದಕ್ಕಿಂತ ಹೆಚ್ಚು ನಿಷ್ಠೆಗಳಿರುತ್ತವೆ, ಕಾನೂನು ಅದನ್ನು ಹೇಗೆ ನಿಭಾಯಿಸಬೇಕು ಎಂಬುದನ್ನು. ಆದರೆ ಹೆಂಗಸಿನ ಪಾಲಿಗೆ ಆ ನಿಷ್ಠೆ ಎಷ್ಟರಮಟ್ಟಿಗೆ ಆಕೆಯೇ ಆರಿಸಿಕೊಂಡದ್ದು ಎಂಬ ಪ್ರಶ್ನೆ ಅವರ ಉಪನ್ಯಾಸದಲ್ಲೂ ಬಗೆಹರಿಯದೆ ಉಳಿಯಿತು. ಆ ವರ್ಷದ ಜುಲೈಯಲ್ಲಿ ಇಂಗ್ಲೆಂಡಿನ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಫಿಲಿಪ್ಸ್ ಪೂರ್ವ ಲಂಡನ್ನಿನ ಮುಸ್ಲಿಂ ಕೇಂದ್ರದಲ್ಲೇ ನಿಂತು, ಎರಡೂ ಕಡೆಯವರು ಒಪ್ಪಿದರೆ ಷರಿಯಾ ತತ್ವದ ಪ್ರಕಾರ ವ್ಯಾಜ್ಯ ಬಗೆಹರಿಸಿಕೊಳ್ಳಲು ಅಡ್ಡಿಯಿಲ್ಲ, ಆದರೆ ದೇಶದ ಕಾನೂನೇ ಕೊನೆಯದು ಎಂದರು.

ಅವರು ಹೇಳಿದ್ದು ಹೊಸದೇನಲ್ಲ. ಇಬ್ಬರು ವ್ಯಾಪಾರಿಗಳು ತಮ್ಮ ತಂಟೆಯನ್ನು ಕೋರ್ಟಿಗೊಯ್ಯದೆ, ತಾವೇ ಒಪ್ಪಿದ ಮಧ್ಯಸ್ಥರ ತೀರ್ಮಾನಕ್ಕೆ ಬಿಡಬಹುದು. ಆ ತೀರ್ಮಾನವನ್ನು ಕೋರ್ಟು ಜಾರಿ ಮಾಡುತ್ತದೆ. ಬ್ರಿಟನ್ನಿನ 1996ರ ಆರ್ಬಿಟ್ರೇಷನ್ ಕಾಯ್ದೆ, ಅಮೆರಿಕದ 1925ರ ಕಾಯ್ದೆ ಎಲ್ಲ ಇದಕ್ಕೇ ಇರುವುದು. ಮಧ್ಯಸ್ಥರು ಎಂಜಿನಿಯರ್ ಆದರೂ ಸರಿ, ರಬ್ಬಿ ಆದರೂ ಸರಿ. ಯಹೂದಿಗಳ ಬೆತ್ ದಿನ್ ನ್ಯಾಯಮಂಡಳಿಗಳು ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಈ ಕಾನೂನುಗಳ ಅಡಿಯಲ್ಲಿ ವ್ಯಾಪಾರದ ಜಗಳಗಳನ್ನು ಸದ್ದಿಲ್ಲದೆ ತೀರಿಸುತ್ತ ಬಂದಿವೆ. ಮದುವೆ ಮುರಿಯುವುದನ್ನು, ಮಕ್ಕಳ ಸುಪರ್ದಿಯನ್ನು ಮಾತ್ರ ಕೋರ್ಟಿನ ಕೈತಪ್ಪಿಸಿ ಹೀಗೆ ತೀರ್ಮಾನಿಸಲು ಇಂಗ್ಲೆಂಡಿನಲ್ಲಿ ಬರುವುದಿಲ್ಲ. ಷರಿಯಾ ಮಂಡಳಿಗಳಲ್ಲಿ ಹೆಚ್ಚಿನವು ಈ ಕಾಯ್ದೆಯ ಅಡಿಗೆ ಬರುವುದೇ ಇಲ್ಲ. ಅವು ಕೊಡುವುದು ಧರ್ಮದ ಮಟ್ಟಿನ ಬಿಡುಗಡೆ ಮಾತ್ರ. ವಾದ ಮಾಡುವವರು ಈ ಎರಡನ್ನೂ ಕಲಸುವುದರಿಂದಲೇ ಅರ್ಧ ಗೊಂದಲ.

ಕೌಟುಂಬಿಕ ವ್ಯಾಜ್ಯಕ್ಕೂ ಆರ್ಬಿಟ್ರೇಷನ್ ಬಾಗಿಲು ತೆರೆದಿಟ್ಟ ಜಾಗ ಕೆನಡಾದ ಒಂಟಾರಿಯೊ. ಅಲ್ಲಿನ 1991ರ ಕಾಯ್ದೆಯಲ್ಲಿ, ಧಾರ್ಮಿಕ ನಿಯಮದಂತೆ ಕೊಟ್ಟ ಜೀವನಾಂಶ, ಆಸ್ತಿ ಹಂಚಿಕೆಯ ತೀರ್ಮಾನವನ್ನೂ ಕೋರ್ಟು ಜಾರಿ ಮಾಡಬಹುದಿತ್ತು. ಯಹೂದಿಗಳು, ಕ್ರೈಸ್ತರು, ಇಸ್ಮಾಯಿಲಿ ಮುಸ್ಲಿಮರು ಬಳಸುತ್ತಿದ್ದರು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. 2003ರ ಕೊನೆಯಲ್ಲಿ ಸೈಯದ್ ಮುಮ್ತಾಜ್ ಅಲಿ ಎಂಬ ನಿವೃತ್ತ ವಕೀಲರು ಇಸ್ಲಾಮಿಕ್ ಇನ್‌ಸ್ಟಿಟ್ಯೂಟ್ ಆಫ್ ಸಿವಿಲ್ ಜಸ್ಟಿಸ್ ಸ್ಥಾಪಿಸುವುದಾಗಿ ಸಾರಿ, ಒಳ್ಳೆಯ ಮುಸ್ಲಿಮರು ಇಲ್ಲಿಗೇ ಬರಬೇಕು ಎಂಬ ಧಾಟಿಯಲ್ಲಿ ಮಾತಾಡಿದ ಮೇಲೆ ಬೆಂಕಿ ಹತ್ತಿತು.

ಆ ವಿರೋಧದ ಮುಂಚೂಣಿಯಲ್ಲಿ ಇದ್ದವರು ಯಾರು ಎಂಬುದು ಗಮನಿಸಬೇಕಾದ್ದು. ಕೆನಡಿಯನ್ ಕೌನ್ಸಿಲ್ ಆಫ್ ಮುಸ್ಲಿಂ ವಿಮೆನ್ ಸಂಘಟನೆ, ಇರಾನಿನಿಂದ ತಪ್ಪಿಸಿಕೊಂಡು ಬಂದಿದ್ದ ಹೋಮಾ ಅರ್ಜುಮಂದ್. ಪಕ್ಕದ ಕ್ವಿಬೆಕ್ ಶಾಸನಸಭೆಯಲ್ಲಿ ಷರಿಯಾ ಮಂಡಳಿ ಬೇಡವೆಂಬ ನಿರ್ಣಯ 2005ರ ಮೇ ತಿಂಗಳಲ್ಲಿ ಸರ್ವಾನುಮತದಿಂದ ಗೆದ್ದಾಗ ಅದನ್ನು ಮಂಡಿಸಿದ್ದವರು ಮೊರಾಕೊದಲ್ಲಿ ಹುಟ್ಟಿದ ಮುಸ್ಲಿಂ ಶಾಸಕಿ ಫಾತಿಮಾ ಹೂದಾ-ಪೆಪ್ಯಾಂ. ಬ್ರಿಟನ್ನಿನಲ್ಲೂ ಹಾಗೆಯೇ. ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್‌ನ ದಕ್ಷಿಣ ಏಷ್ಯಾ ಮೂಲದ ಕಾರ್ಯಕರ್ತೆಯರು ಮಂಡಳಿಗಳನ್ನು ವಿರೋಧಿಸುತ್ತ ಬಂದರೆ, ಬರ್ಮಿಂಗ್‌ಹ್ಯಾಮ್ ಸೆಂಟ್ರಲ್ ಮಾಸ್ಕ್‌ನ ಮಂಡಳಿಯಲ್ಲಿ ಅಮ್ರಾ ಬೋನ್ ಎಂಬ ವಿದ್ವಾಂಸೆ ಪೀಠದಲ್ಲೇ ಕೂತು ಹೆಂಗಸರ ಅರ್ಜಿ ನೋಡಿದರು. ಜಗಳ ಪಶ್ಚಿಮಕ್ಕೂ ಇಸ್ಲಾಮಿಗೂ ನಡುವಿನದು ಎಂದು ಬರೆದವರಿಗೆ ಈ ಹೆಂಗಸರು ಕಂಡೇ ಇಲ್ಲ.

ಒಂಟಾರಿಯೊ ಸರ್ಕಾರ ತನ್ನ ಮಾಜಿ ಅಟಾರ್ನಿ ಜನರಲ್ ಮೇರಿಯನ್ ಬಾಯ್ಡ್ ಅವರಿಂದ ವರದಿ ಕೇಳಿತು. 2004ರ ಡಿಸೆಂಬರ್‌ನಲ್ಲಿ 46 ಶಿಫಾರಸುಗಳೊಂದಿಗೆ ಬಂದ ವರದಿ, ಧಾರ್ಮಿಕ ಆರ್ಬಿಟ್ರೇಷನ್ ಇರಲಿ, ಆದರೆ ಸ್ವತಂತ್ರ ವಕೀಲರ ಸಲಹೆ, ಲಿಖಿತ ದಾಖಲೆ ಮುಂತಾದ ಕಾವಲು ಬೇಕು ಎಂದಿತು. ಪ್ರತಿಭಟನೆ ಟೊರಾಂಟೊದಿಂದ ಯುರೋಪಿನ ನಗರಗಳವರೆಗೂ ಹಬ್ಬಿತು. 2005ರ ಸೆಪ್ಟೆಂಬರ್ 11ರ ಭಾನುವಾರ ಪ್ರೀಮಿಯರ್ ಡಾಲ್ಟನ್ ಮಗಿಂಟಿ ವರದಿಯನ್ನು ಬದಿಗಿಟ್ಟು, ಎಲ್ಲರಿಗೂ ಒಂದೇ ಕಾನೂನು ಎಂದು ಘೋಷಿಸಿದರು. ಮುಸ್ಲಿಮರ ಜೊತೆಗೆ ಯಹೂದಿ, ಕ್ರೈಸ್ತ ಮಂಡಳಿಗಳ ಕೌಟುಂಬಿಕ ತೀರ್ಮಾನಗಳೂ 2006ರ ತಿದ್ದುಪಡಿಯಿಂದ ಜಾರಿಯ ಬಲ ಕಳೆದುಕೊಂಡವು. ನನ್ನ ಮಟ್ಟಿಗೆ ಇದು ಸರಿಯಾದ ನಿರ್ಧಾರ. ದುರ್ಬಲರ ವಿರುದ್ಧ ವಾಲಬಹುದಾದ ತೀರ್ಮಾನಕ್ಕೆ ಸರ್ಕಾರದ ಅಮೀನ ಬೆನ್ನಿಗೆ ನಿಲ್ಲಬಾರದು. ಎಲ್ಲ ಧರ್ಮಗಳಿಗೂ ಒಂದೇ ಅಳತೆ ಇಟ್ಟದ್ದಂತೂ ಮೆಚ್ಚಬೇಕಾದ್ದೇ. ಆದರೆ ಅದು ಅರ್ಧ ಕೆಲಸ. ಟೊರಾಂಟೊದಲ್ಲಿ ಧಾರ್ಮಿಕ ಬಿಡುಗಡೆ ಬೇಕಾದವಳು ಮಾರನೆಯ ದಿನವೂ ಇಮಾಮರ ಬಳಿಗೇ ಹೋಗಬೇಕಿತ್ತು.

ಉಳಿದರ್ಧ ಹೇಗೆ ಮಾಡಬಹುದೆಂದು ತೋರಿಸಿಕೊಟ್ಟದ್ದು ಯಹೂದಿ ಹೆಂಗಸರ ಹೋರಾಟ. ಯಹೂದಿ ಧರ್ಮಶಾಸ್ತ್ರದಲ್ಲಿ ಮದುವೆ ಮುರಿಯಬೇಕಾದರೆ ಗಂಡ ಸ್ವಇಚ್ಛೆಯಿಂದ ‘ಗೆಟ್’ ಎಂಬ ಪತ್ರ ಕೊಡಬೇಕು. ಕೊಡದಿದ್ದರೆ ಹೆಂಡತಿ ‘ಅಗುನಾ’, ಅಂದರೆ ಕಟ್ಟಿಹಾಕಿದವಳು. ಸರ್ಕಾರಿ ವಿಚ್ಛೇದನ ಪಡೆದರೂ ಆಕೆ ಸಂಪ್ರದಾಯದ ಪ್ರಕಾರ ಮರುಮದುವೆ ಆಗುವಂತಿಲ್ಲ. ಇದೇ ಆಯುಧ ಹಿಡಿದು ಗಂಡಂದಿರು ಆಸ್ತಿ ಬಿಟ್ಟುಕೊಡು, ಮಕ್ಕಳನ್ನು ಬಿಟ್ಟುಕೊಡು ಎಂದು ಚೌಕಾಸಿಗೆ ಇಳಿಯುತ್ತಿದ್ದರು.

ಸರ್ಕಾರಗಳು ಬೆತ್ ದಿನ್‌ಗಳನ್ನು ನಿಷೇಧಿಸಲಿಲ್ಲ, ಅವುಗಳ ಕೆಲಸವನ್ನು ತಾವು ಕೈಗೆತ್ತಿಕೊಳ್ಳಲೂ ಇಲ್ಲ. ಚೌಕಾಸಿ ಮಾಡುವ ಗಂಡನ ಜುಟ್ಟು ಹಿಡಿದವು. ಮರುಮದುವೆಗಿರುವ ಅಡ್ಡಿಗಳನ್ನು ತೆಗೆದಿದ್ದೇನೆ ಎಂದು ಪ್ರಮಾಣ ಮಾಡದ ಅರ್ಜಿದಾರನಿಗೆ ವಿಚ್ಛೇದನ ಕೊಡುವುದಿಲ್ಲ ಎಂದಿತು ನ್ಯೂಯಾರ್ಕ್ 1983ರಲ್ಲಿ. ಹಟ ಹಿಡಿದವನ ವಾದಪತ್ರವನ್ನೇ ಕೋರ್ಟು ತೆಗೆದುಹಾಕಬಹುದು ಎಂದಿತು ಕೆನಡಾ 1990ರಲ್ಲಿ. ಧಾರ್ಮಿಕ ಬಿಡುಗಡೆ ಕೊಡುವವರೆಗೆ ಅಂತಿಮ ಡಿಕ್ರಿ ತಡೆಹಿಡಿಯುವ ಅಧಿಕಾರವನ್ನು ಇಂಗ್ಲೆಂಡ್ 2002ರಲ್ಲಿ ಕೋರ್ಟುಗಳಿಗೆ ಕೊಟ್ಟಿತು.

ಮಾಂಟ್ರಿಯಲ್‌ನ ಒಂದು ಪ್ರಕರಣ ಇದರ ತಿರುಳನ್ನು ತೋರಿಸುತ್ತದೆ. 1980ರಲ್ಲಿ ವಿಚ್ಛೇದನದ ಒಪ್ಪಂದದಲ್ಲಿ ಗಂಡ ರಬ್ಬಿಗಳ ಮುಂದೆ ಹೋಗಿ ಗೆಟ್ ಕೊಡುವುದಾಗಿ ಬರೆದುಕೊಟ್ಟ. ಕೊಟ್ಟದ್ದು ಹದಿನೈದು ವರ್ಷದ ಮೇಲೆ, ಹೆಂಡತಿಯ ವಯಸ್ಸು ನಲವತ್ತಾರು ದಾಟಿದಾಗ. ಆಕೆ ಮತ್ತೆ ಮದುವೆಯಾಗಿ ಮಕ್ಕಳನ್ನು ಪಡೆಯಬಹುದಾಗಿದ್ದ ಕಾಲವೆಲ್ಲ ಕಳೆದುಹೋಗಿತ್ತು. ಆಕೆ ಪರಿಹಾರ ಕೇಳಿದಾಗ, ಇದು ನನ್ನ ಧರ್ಮದ ವಿಷಯ, ಕೋರ್ಟು ಕೈ ಹಾಕುವ ಹಾಗಿಲ್ಲ ಎಂದ. 2007ರ ಡಿಸೆಂಬರ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ರೊಸಾಲಿ ಅಬೆಲ್ಲಾ ಅದಕ್ಕೆ ಒಪ್ಪಲಿಲ್ಲ. ಮಾತು ಕೊಟ್ಟಿದ್ದೀಯ, ಮುರಿದಿದ್ದೀಯ, ಅದರ ಹಿಂದೆ ಧರ್ಮ ಇದೆ ಎಂದಮಾತ್ರಕ್ಕೆ ಕೋರ್ಟು ಕಣ್ಣುಮುಚ್ಚಿ ಕೂರುವುದಿಲ್ಲ ಎಂಬುದು ಆ ತೀರ್ಪಿನ ಸಾರ. 47,500 ಡಾಲರ್ ಪರಿಹಾರ ಆಕೆಗೆ ಸಿಕ್ಕಿತು. ಆದರೆ ಇಂಗ್ಲೆಂಡ್, ನ್ಯೂಯಾರ್ಕಿನ ಈ ಕೀಲಿಗಳೆಲ್ಲ ತಿರುಗುವುದು ಸರ್ಕಾರಿ ಮದುವೆ ಆಗಿದ್ದರೆ ಮಾತ್ರ. ಸೌತಾಲ್ ಹೆಂಗಸಿನಂಥವರ ಗಂಡಂದಿರಿಗೆ ತಡೆಹಿಡಿಯಲು ಡಿಕ್ರಿಯೇ ಇರುವುದಿಲ್ಲ. ನೋಂದಣಿಯ ವಿಷಯಕ್ಕೆ ಸಿದ್ದಿಕಿ ಸಮಿತಿ ಅಷ್ಟು ಒತ್ತು ಕೊಟ್ಟದ್ದು ಇದಕ್ಕೇ.

ಫ್ರಾನ್ಸಿನಲ್ಲಿ ಈ ಕ್ರಮ ನೆಪೋಲಿಯನ್ ಕಾಲದ್ದು. ಮೊದಲು ಪುರಭವನದಲ್ಲಿ ಸಿವಿಲ್ ಮದುವೆ, ಆಮೇಲೆ ಚರ್ಚೋ ಮಸೀದಿಯೋ. ಇದನ್ನು ಪದೇ ಪದೇ ಮೀರುವ ಧರ್ಮಗುರುವಿಗೆ ಆರು ತಿಂಗಳ ಜೈಲು, 7,500 ಯೂರೊ ದಂಡದವರೆಗೆ ಶಿಕ್ಷೆ ಇದೆ. ಬಿಗಿಯಾದ ಕಾನೂನು, ಗುಟ್ಟಾದ ನಿಖಾಗಳನ್ನು ಪೂರ್ತಿ ತಡೆಯಲಾರದು. ಆದರೆ ಹೊಣೆಯನ್ನು ಮದುಮಗಳ ಬದಲು ಮದುವೆ ಮಾಡಿಸುವವರ ಹೆಗಲಿಗೆ ಹೊರಿಸುತ್ತದೆ. ಅದೇ ಅದರ ಗುಣ.

ಇನ್ನೊಂದು ತುದಿಯಲ್ಲಿ ಅಮೆರಿಕದ ಓಕ್ಲಹೋಮಾ ಇದೆ. 2010ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರು, ನೂರಕ್ಕೆ ಎಪ್ಪತ್ತರಷ್ಟು ಮಂದಿ, ರಾಜ್ಯದ ಕೋರ್ಟುಗಳು ಷರಿಯಾ ಕಾನೂನನ್ನು ಪರಿಗಣಿಸಬಾರದು ಎಂಬ ಸಂವಿಧಾನ ತಿದ್ದುಪಡಿಗೆ ಒಪ್ಪಿಗೆ ಕೊಟ್ಟರು. ಫೆಡರಲ್ ಕೋರ್ಟು ತಡೆಯಾಜ್ಞೆ ಕೊಟ್ಟಿತು. ರಾಜ್ಯದ ಯಾವುದಾದರೂ ಕೋರ್ಟು ಷರಿಯಾ ಅನ್ವಯಿಸಿದ ಒಂದು ಉದಾಹರಣೆ ಕೊಡಿ ಎಂದರೆ ಸರ್ಕಾರದ ವಕೀಲರ ಬಳಿ ಒಂದೂ ಇರಲಿಲ್ಲ. 2012ರಲ್ಲಿ ಮೇಲ್ಮನವಿ ನ್ಯಾಯಾಲಯ ತಡೆಯನ್ನು ಎತ್ತಿಹಿಡಿಯಿತು, 2013ರಲ್ಲಿ ತಿದ್ದುಪಡಿ ಶಾಶ್ವತವಾಗಿ ಬಿದ್ದುಹೋಯಿತು. ಇಲ್ಲದ ರೋಗಕ್ಕೆ ಮದ್ದು ಅರೆದವರು ಚುನಾವಣೆಯಲ್ಲಿ ಮಾತ್ರ ಲಾಭ ಮಾಡಿಕೊಂಡರು. ಯಾವ ಹೆಂಗಸಿಗೂ ಅದರಿಂದ ಒಂದು ಕಾಗದ ಸಿಗಲಿಲ್ಲ.

ಇನ್ನು ಬಹುಸಂಸ್ಕೃತಿಯ ಹೆಸರಲ್ಲಿ ಧಾರ್ಮಿಕ ಕಾನೂನಿಗೆ ಅಧಿಕೃತ ಪಟ್ಟ ಕಟ್ಟಿದರೆ ಏನಾಗುತ್ತದೆ? ಅದಕ್ಕೂ ಯುರೋಪಿನಲ್ಲೇ ಉದಾಹರಣೆ ಇದೆ. ಗ್ರೀಸಿನ ಪಶ್ಚಿಮ ಥ್ರೇಸ್‌ನಲ್ಲಿ ಸುಮಾರು ಒಂದು ಲಕ್ಷ ಮುಸ್ಲಿಮರಿದ್ದಾರೆ. ಒಟ್ಟೊಮನ್ ಸಾಮ್ರಾಜ್ಯ ಕುಸಿದ ಮೇಲೆ 1923ರ ಲಾಸಾನ್ ಒಪ್ಪಂದ ಅಲ್ಪಸಂಖ್ಯಾತರ ರಕ್ಷಣೆಗೆಂದು ಕೊಟ್ಟ ಮಾತಿನ ಹೆಸರಲ್ಲಿ, ಅವರ ಮದುವೆ, ವಿಚ್ಛೇದನ, ಉತ್ತರಾಧಿಕಾರದ ತೀರ್ಮಾನ ಸರ್ಕಾರವೇ ನೇಮಿಸುವ ಮುಫ್ತಿಗಳ ಕೈಯಲ್ಲಿತ್ತು. ಕೊಮೊಟಿನಿಯ ಗೃಹಸ್ಥರೊಬ್ಬರು 2003ರಲ್ಲಿ ಗ್ರೀಕ್ ನಾಗರಿಕ ಕಾನೂನಿನ ಪ್ರಕಾರ ನೋಟರಿ ಮುಂದೆ ಉಯಿಲು ಬರೆದು ಎಲ್ಲ ಆಸ್ತಿಯನ್ನೂ ಹೆಂಡತಿಗೆ ಬಿಟ್ಟರು. 2008ರಲ್ಲಿ ತೀರಿಕೊಂಡರು. ಅವರ ಅಕ್ಕತಂಗಿಯರು, ನಮ್ಮಣ್ಣ ಮುಸ್ಲಿಂ, ಷರಿಯಾ ಪ್ರಕಾರವೇ ಪಾಲಾಗಬೇಕು ಎಂದು ಕೋರ್ಟಿಗೆ ಹೋದರು. ಗ್ರೀಸಿನ ಅತ್ಯುನ್ನತ ನ್ಯಾಯಾಲಯ ಅವರ ಪರ ನಿಂತಿತು. ವಿಧವೆ ಆಸ್ತಿಯ ನಾಲ್ಕರಲ್ಲಿ ಮೂರು ಪಾಲು ಕಳೆದುಕೊಂಡರು. 2018ರ ಡಿಸೆಂಬರ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದು ತಾರತಮ್ಯ ಎಂದು ಸರ್ವಾನುಮತದಿಂದ ಹೇಳಿತು. ಅಲ್ಪಸಂಖ್ಯಾತ ಸಮುದಾಯಕ್ಕೆ ಸೇರಿದವರು ಎಂಬ ಕಾರಣಕ್ಕೆ ಒಬ್ಬರನ್ನು ಆ ಸಮುದಾಯದ ಕಾನೂನಿನಲ್ಲಿ ಕೂಡಿಹಾಕುವಂತಿಲ್ಲ, ಹೊರಬರುವ ಹಕ್ಕೂ ಅವರದೇ. ತೀರ್ಪು ಬರುವ ಮುಂಚೆಯೇ, ಆ ವರ್ಷದ ಜನವರಿಯಲ್ಲಿ ಗ್ರೀಸ್ ಕಾನೂನು ತಿದ್ದಿ, ಇಬ್ಬರೂ ಒಪ್ಪಿದರೆ ಮಾತ್ರ ಮುಫ್ತಿಯ ಬಳಿ ಹೋಗಬಹುದು ಎಂದು ಮಾಡಿಕೊಂಡಿತ್ತು.

ನಮ್ಮ ಸುಪ್ರೀಂ ಕೋರ್ಟಿನ ಮುಂದೆಯೂ ಇದೇ ಪ್ರಶ್ನೆ ಬಂದಿತ್ತು. ಷರಿಯಾ ಪ್ರಕಾರ ವ್ಯಾಜ್ಯ ಬಗೆಹರಿಸುವ ದಾರುಲ್ ಖಜಾ ಮಂಡಳಿಗಳನ್ನು ಮುಚ್ಚಿಸಿ ಎಂಬ ಅರ್ಜಿಯ ಮೇಲೆ 2014ರ ಜುಲೈಯಲ್ಲಿ ಕೋರ್ಟು ಕೊಟ್ಟ ಉತ್ತರ ಹದವಾಗಿತ್ತು. ಅವು ಇರುವುದು ಕಾನೂನುಬಾಹಿರವಲ್ಲ. ಆದರೆ ಅವುಗಳ ಫತ್ವಾಕ್ಕೆ ಕಾನೂನಿನ ಬಲ ಇಲ್ಲ, ಯಾರನ್ನೂ ಅದಕ್ಕೆ ಕಟ್ಟಿಹಾಕುವಂತಿಲ್ಲ, ಒಬ್ಬರ ಹಕ್ಕಿಗೆ ಸಂಬಂಧಪಟ್ಟ ವಿಷಯದಲ್ಲಿ ಸಂಬಂಧವಿಲ್ಲದ ಮೂರನೆಯವರು ಕೇಳಿದರೆಂದು ಫತ್ವಾ ಕೊಡಬಾರದು. ಬ್ರಿಟನ್ನಿನ ಉದಾಹರಣೆ ತೋರಿಸಿ ಏಕರೂಪ ನಾಗರಿಕ ಸಂಹಿತೆಯ ಪರವೋ ವಿರುದ್ಧವೋ ಗಂಟಲು ಹರಿದುಕೊಳ್ಳುವವರು ಒಂದು ಸಂಗತಿ ಮರೆಯುತ್ತಾರೆ. ಬ್ರಿಟನ್ನಿನಲ್ಲಿ ಇರುವುದು ಏಕರೂಪದ ನಾಗರಿಕ ಕಾನೂನೇ. ಅದು ಇದ್ದೂ ಸಾವಿರಾರು ಹೆಂಗಸರ ಮನೆಬಾಗಿಲಿಗೆ ಮುಟ್ಟಲಿಲ್ಲ.

ಆದ್ದರಿಂದ ಯಾವುದೇ ದೇಶದ ಕಾನೂನನ್ನು ಅಳೆಯುವಾಗ ಪುಸ್ತಕದಲ್ಲಿ ಅದು ಎಲ್ಲರಿಗೂ ಒಂದೇ ಆಗಿದೆಯೇ ಎಂದು ನೋಡಿ ಸುಮ್ಮನಾಗಬಾರದು. ಒಂದು ಮದುವೆ ನಡೆದರೆ ಅದು ಕಾನೂನಿನ ಲೆಕ್ಕಕ್ಕೆ ಸುಲಭವಾಗಿ ಬರುತ್ತದೆಯೇ? ಲೆಕ್ಕಕ್ಕೆ ತರಬೇಕಾದ ಹೊಣೆ ಮದುವೆ ಮಾಡಿಸುವವರ ಮೇಲಿದೆಯೇ, ಅಥವಾ ಗಂಡನಿಗೆ ದುಂಬಾಲು ಬೀಳುವ ಹೆಂಡತಿಯ ಮೇಲೋ? ಧರ್ಮದ ಹೆಸರಲ್ಲಿ ಬಿಡುಗಡೆಯನ್ನು ಅಡವಿಟ್ಟುಕೊಂಡವನನ್ನು ಕೋರ್ಟು ಬಗ್ಗಿಸಬಲ್ಲದೇ? ಧರ್ಮದ ವ್ಯವಸ್ಥೆ ಬೇಡ ಎಂದವಳಿಗೆ ಹೊರಬರುವ ದಾರಿ ತೆರೆದಿದೆಯೇ? ಈ ನಾಲ್ಕಕ್ಕೂ ಹೌದು ಎನ್ನಬಲ್ಲ ದೇಶದಲ್ಲಿ ಷರಿಯಾ ಮಂಡಳಿ, ಬೆತ್ ದಿನ್ ಎಷ್ಟಾದರೂ ಇರಲಿ, ಅವುಗಳ ಬಳಿ ಹೋಗುವುದು ನಂಬಿಕೆಯ ವಿಷಯವಾಗಿ ಉಳಿಯುತ್ತದೆ, ಗತಿಯಿಲ್ಲದೆ ಹೋಗುವುದು ತಪ್ಪುತ್ತದೆ. ಹೌದು ಎನ್ನಲಾರದ ದೇಶ ಮಂಡಳಿಗಳಿಗೆ ಬೀಗ ಜಡಿದರೂ, ಬಿಡುಗಡೆ ಬೇಕಾದವಳು ಬೀಗವಿಲ್ಲದ ಇನ್ನೊಂದು ಬಾಗಿಲನ್ನು ಹುಡುಕಿಕೊಂಡೇ ಹೋಗುತ್ತಾಳೆ.